ಗೂಡು ಬಲ್ಲ ಬೆರಳು, ಬೆರಳರಿಯದ ಯಂತ್ರ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ಬೆಳಗಿನ ಹೊತ್ತು. ಗೇಟಿನ ಮುಂದೆ ಗೂಡ್ಸ್ ಆಟೊಗಳು ಒಂದರ ಬೆನ್ನಿಗೊಂದು ನಿಂತಿವೆ. ಗೂಡು ನಲುಗದಿರಲೆಂದು ಸಡಿಲವಾಗಿ ಕಟ್ಟಿದ ಚೀಲಗಳು ಇಳಿಯುತ್ತಿವೆ. ಜಾಲರಿಗೆ ಸುರಿದಾಗ ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದು. ಒಂದು ಸಾಲಿನಲ್ಲಿ ಬೈವೋಲ್ಟಿನ್ ತಳಿಯ ಬಿಳಿ ಗೂಡು, ಅದರಾಚೆ ಹಳದಿಗೆ ತಿರುಗಿದ, ಮಿಶ್ರತಳಿಯ ಸಿಬಿ ಗೂಡು. ರೈತರ ಕಡೆ ತೆಲುಗು, ಗೂಡು ಕೊಂಡು ನೂಲು ಬಿಚ್ಚಿಸುವ ರೀಲರುಗಳ ಕಡೆ ಉರ್ದು, ಎರಡರ ನಡುವೆ ಕನ್ನಡ. ಚೌಕಾಸಿಗೆ ನಿಂತರೆ ಮೂರೂ ಕಲಸುಮೇಲೋಗರ.

ರೀಲರ್ ಒಬ್ಬರು ಜಾಲರಿಯ ತಳಕ್ಕೆ ಕೈ ಇಳಿಸಿ ಒಂದು ಹಿಡಿ ಮೇಲೆತ್ತುತ್ತಾರೆ. ಮೇಲೆ ಕಾಣುವ ಗೂಡನ್ನು ನಂಬಿ ಕೆಟ್ಟವರಿದ್ದಾರೆ. ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಗಟ್ಟಿಯೋ ಮೆದುವೋ. ಬೆಳಕಿಗೆ ಹಿಡಿಯುತ್ತಾರೆ, ಒಳಗೆ ಕಲೆಯೇನಾದರೂ ಇದೆಯೇ. ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಕಟಕಟ ಎಂದರೆ ಬಲಿತಿದೆ. ಸದ್ದಿಲ್ಲದೆ ಅಂಟಿಕೊಂಡಿದ್ದರೆ ಸತ್ತು ಕರಗಿದೆ. ಅರ್ಧ ನಿಮಿಷದ ಕೆಲಸ. ಆಮೇಲೆ ಕೈ ಒರೆಸಿಕೊಂಡು, ಜೇಬಿನಿಂದ ಮೊಬೈಲ್ ತೆಗೆದು, ಲಾಟಿನ ನಂಬರು ಒತ್ತಿ, ದರ ಒತ್ತುತ್ತಾರೆ.

ಅಷ್ಟರಲ್ಲಿ ಯಾವುದೋ ಮೂಲೆಯಿಂದ ದಿನಕ್ಕೊಮ್ಮೆಯಾದರೂ ಕೇಳಿಬರುವ ಆ ಪ್ರಶ್ನೆ: "ಏನಣ್ಣಾ, ಸರ್ವರ್ ಬಂತಾ?"

ತಪ್ಪು ಮಾಡುತ್ತದೆಂದು ಗೊತ್ತಿದ್ದೂ ಯಂತ್ರವನ್ನು ನಂಬಿ ಕೂರಬಹುದೇ? ಇದನ್ನು ಬೆಂಗಳೂರಿನ ಸಭಾಂಗಣಗಳಲ್ಲಿ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಚರ್ಚಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಶಿಡ್ಲಘಟ್ಟ ಇನ್ನೂ ಒಳ್ಳೆಯ ಜಾಗ. ಇಲ್ಲಿ ಒಂದೇ ಕಸುಬಿನ ಸುತ್ತ ಮೂರು ಯಂತ್ರಗಳಿವೆ: ದರ ಕಟ್ಟುವುದೊಂದು, ನೂಲು ಬಿಚ್ಚುವುದೊಂದು, ನೂಲು ಬಿಚ್ಚುವವರ ಹೆಬ್ಬೆಟ್ಟು ಕೇಳುವುದೊಂದು. ಮೂರೂ ತಪ್ಪುತ್ತವೆ. ಆದರೆ ತಪ್ಪಿದಾಗ ಆಗುವುದು ಮೂರು ಕಡೆ ಮೂರು ಬಗೆ.

ಕೂಗು ನಿಂತ ಹರಾಜು

ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆಯನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ಕರ್ನಾಟಕ. ರಾಮನಗರ ಬಿಟ್ಟರೆ ಗೂಡಿನ ವ್ಯಾಪಾರಕ್ಕೆ ಮೊದಲು ನೆನಪಾಗುವ ಊರು ಶಿಡ್ಲಘಟ್ಟ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆ ಮತ್ತು ಕೊಳವೆಬಾವಿಯನ್ನೇ ನೆಚ್ಚಿದ ಸೀಮೆಯಲ್ಲಿ ತಿಂಗಳೊಪ್ಪತ್ತಿಗೆ ಕೈಗೆ ಕಾಸು ತರುವ ಬೆಳೆ ಇದು.

ಮೊದಲು ಗೂಡಿನ ವ್ಯಾಪಾರ ದಲ್ಲಾಳಿಗಳ ಕೈಯಲ್ಲಿತ್ತು. ರೇಷ್ಮೆ ಬಿತ್ತನೆ ಮತ್ತು ಗೂಡಿನ ವ್ಯವಹಾರವನ್ನು ಹತೋಟಿಗೆ ತರುವ ಕಾಯ್ದೆ 1959ರಲ್ಲಿ ಬಂತು. ಕ್ರಮೇಣ ಸರ್ಕಾರಿ ಮಾರುಕಟ್ಟೆ, ಬಹಿರಂಗ ಹರಾಜು ಬಂದವು. ಕೂಗುವ ಹರಾಜಿನಲ್ಲೂ ಕೈಚಳಕ ಇಲ್ಲದಿರಲಿಲ್ಲ. ನಾಲ್ಕು ಜನ ರೀಲರುಗಳು ಕಣ್ಣಲ್ಲೇ ಮಾತಾಡಿಕೊಂಡರೆ ದರ ಅಲ್ಲೇ ಕೂರುತ್ತಿತ್ತು. ಇ-ಹರಾಜು ಬಂದ ಮೇಲೆ ಯಾರು ಎಷ್ಟು ಕೂಗಿದರು ಎಂದು ಮುಖ ನೋಡಿ ಅಳೆಯುವ ಕಾಲ ಹೋಯಿತು. ತೂಕಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ ಬಂತು.

ಈ ಏರ್ಪಾಡಿಗೂ ಕಾಯಿಲೆಗಳಿವೆ. ಸರ್ವರ್ ಮಲಗುತ್ತದೆ. 350 ಒತ್ತಲು ಹೋದ ಬೆರಳು 530 ಒತ್ತಿಬಿಡಬಹುದು. ಗೂಡು ಕಾಯುವ ಸರಕೂ ಅಲ್ಲ. ಅದರ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಒಳಗಿನ ಜೀವಂತ ಹುಳುವಿನದು. ಹೊತ್ತು ಹೋದಂತೆ ನೀರಿನಂಶ ಆವಿಯಾಗಿ ತೂಕ ಇಳಿಯುತ್ತದೆ. ಇನ್ನೂ ನಾಲ್ಕೈದು ದಿನ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ತೂಕಕ್ಕೆ ಮುಂಚೆ ಸರ್ವರ್ ಮೂರು ಗಂಟೆ ಮಲಗಿತೆಂದರೆ ಆ ಮೂರು ಗಂಟೆಯ ಗ್ರಾಂಗಳು ರೈತನ ಲೆಕ್ಕಕ್ಕೆ ಹೋದವು.

ಆದರೂ ಹಳೆಯ ಕೂಗಾಟವೇ ಇರಲಿ ಎನ್ನುವ ರೈತರು ಕಡಿಮೆ. ಕಾರಣ ಎರಡು. ಗುಣಮಟ್ಟದ ತೀರ್ಮಾನವನ್ನು ಇಲ್ಲಿ ಯಂತ್ರಕ್ಕೆ ಬಿಟ್ಟಿಲ್ಲ; ಗೂಡನ್ನು ಒತ್ತಿ, ಅಲ್ಲಾಡಿಸಿ ನೋಡುವುದು ಇವತ್ತಿಗೂ ಕೈಯೇ. ಯಂತ್ರ ಮಾಡುವುದು ದರ ಬರೆದುಕೊಂಡು ದೊಡ್ಡದನ್ನು ಆರಿಸುವ ಗುಮಾಸ್ತಿಕೆ. ಇನ್ನೊಂದು, ಬಂದ ದರ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು, ಲಾಟು ಮತ್ತೊಂದು ಸುತ್ತಿಗೆ ಹೋಗುತ್ತದೆ. ಆ "ಬೇಡ" ಎಂಬ ಎರಡಕ್ಷರ ಇರುವತನಕ ಯಂತ್ರದ ತಪ್ಪು ಕೊನೆಯ ಮಾತಾಗುವುದಿಲ್ಲ.

ಎಳೆ ಮುಟ್ಟಿ ನೋಡುವ ಗಾಜು

ಎರಡನೆಯ ಯಂತ್ರ ನನಗೆ ಇಡೀ ಕಸುಬಿನಲ್ಲೇ ಹೆಚ್ಚು ಇಷ್ಟವಾದದ್ದು. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಒಂದು ಬೈವೋಲ್ಟಿನ್ ಗೂಡೆಂದರೆ ಒಂದೇ ಎಳೆ. ಬಿಚ್ಚಿದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಬರುತ್ತದೆ. ಆ ಎಳೆ ಒಂಟಿಯಾಗಿ ಏತಕ್ಕೂ ಬಾರದಷ್ಟು ತೆಳು. ಬಿಸಿನೀರಿನಲ್ಲಿ ಬೆಂದ ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿ ಎಳೆದರೆ ಮಗ್ಗಕ್ಕೆ ಆಗುವ ನೂಲು. ತೊಡಕೇನೆಂದರೆ ಗೂಡಿನ ಎಳೆ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಒಳಪದರಕ್ಕೆ ಹೋದಂತೆ ತೆಳ್ಳಗಾಗುತ್ತದೆ. ಒಂದು ಗೂಡು ಮುಗಿಯುತ್ತದೆ, ಇನ್ನೊಂದರ ಎಳೆ ಕಡಿಯುತ್ತದೆ. ಆಗ ಹೊಸ ಗೂಡಿನ ತುದಿ ಕೊಡಬೇಕು. ತಡವಾದರೆ ನೂಲು ಸಣ್ಣಗಾಗುತ್ತದೆ, ಅವಸರಪಟ್ಟರೆ ದಪ್ಪಗಾಗುತ್ತದೆ.

ನೂಲು ಬಿಚ್ಚುವ ಹಳೆಯ ಸಾಧನಗಳಾದ ಚರಕದಲ್ಲೂ ಕಾಟೇಜ್ ಬೇಸಿನ್ನಿನಲ್ಲೂ ಈ ಲೆಕ್ಕ ಕೂತವರ ಕಣ್ಣು ಮತ್ತು ಬೆರಳಿನದು. ಹಬೆಯಾಡುವ ಬಾಣಲೆಯ ಮುಂದೆ ಅದನ್ನು ಅವರು ಎಷ್ಟು ಚೆನ್ನಾಗಿ ಮಾಡಿದರೂ ಸಂಜೆಯ ಕಣ್ಣು ಬೆಳಗಿನ ಕಣ್ಣಲ್ಲ. ನೂಲಿನ ದಪ್ಪದಲ್ಲಿ ಏರಿಳಿತ ಬರುತ್ತದೆ. ಪವರ್‌ಲೂಮಿನವರು ಚೀನಾ ರೇಷ್ಮೆಗೆ ಕೈಚಾಚಿದ್ದು ಈ ಕಾರಣಕ್ಕೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಸೀಮೆಯೆಲ್ಲ ಕಂಗಾಲಾಯಿತು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಬೇಕಾಯಿತು. ಚೀನಾ ನೂಲಿನ ಸಮಾನ ನಿಲ್ಲಬೇಕಾದರೆ ಚೀನಾದ ಯಂತ್ರವೇ ಬೇಕೆಂದು ಸರ್ಕಾರದ ಸಹಾಯಧನದ ಜೊತೆ ಬಂದದ್ದು ಸ್ವಯಂಚಾಲಿತ ರೀಲಿಂಗ್ ಯಂತ್ರ. ಎಲ್ಲರ ಬಾಯಲ್ಲೂ ಅದು ಎಆರ್‌ಎಂ. ದೊಡ್ಡದಾದರೆ 400 ಎಳೆಗಳು ಒಟ್ಟಿಗೆ ಓಡುತ್ತವೆ. ಒಂದೊಂದಕ್ಕೆ ಏಳೆಂಟು ಗೂಡು ಎಂದರೆ ಏಕಕಾಲಕ್ಕೆ ಸುಮಾರು 3,000 ಗೂಡುಗಳು ನೀರಿನಲ್ಲಿ ಕುಣಿಯುತ್ತಿರುತ್ತವೆ.

ಇಷ್ಟನ್ನೆಲ್ಲ ಆ ಯಂತ್ರ ನೋಡಿಕೊಳ್ಳುವುದು ಹೇಗೆ? ಸ್ವಯಂಚಾಲಿತ ರೀಲಿಂಗಿಗೆ ಕೈಹಾಕಿದ ಜಪಾನಿನವರು 1950ರ ದಶಕದಲ್ಲಿ ಮೊದಲು ಮಾಡಿದ ಯಂತ್ರಗಳು ಗೂಡಿನ ಲೆಕ್ಕ ಇಡುತ್ತಿದ್ದವು. ಇಂತಿಷ್ಟು ಗೂಡು ಇರಬೇಕು, ಒಂದು ಬಿದ್ದುಹೋದರೆ ಇನ್ನೊಂದು ಕೊಡಬೇಕು. ಕೇಳಲು ಸರಿಯಾಗಿಯೇ ಇದೆ. ಆದರೆ ಎಂಟು ದಪ್ಪ ಎಳೆಗೂ ಎಂಟು ತೆಳು ಎಳೆಗೂ ವ್ಯತ್ಯಾಸವಿದೆ. ಎಣಿಕೆ ಸರಿಯಿದ್ದೂ ನೂಲು ತಪ್ಪುತ್ತಿತ್ತು.

ಅದೇ ದಶಕ ಮುಗಿಯುವುದರೊಳಗೆ ಬೇರೆ ಬಗೆಯ ಯಂತ್ರ ಬಂತು. ಅದು ಎಣಿಸುವ ಗೋಜಿಗೇ ಹೋಗಲಿಲ್ಲ. ಕೂದಲೆಳೆಯಷ್ಟು ಸಂದು ಬಿಟ್ಟು ಜೋಡಿಸಿದ ಎರಡು ಗಾಜಿನ ಬಿಲ್ಲೆಗಳ ನಡುವೆ ನೂಲನ್ನು ಹಾಯಿಸಿತು. ನೂಲು ದಪ್ಪವಿದ್ದರೆ ಗಾಜಿಗೆ ಉಜ್ಜಿಕೊಂಡು ಪುಟ್ಟ ಸನ್ನೆಗೋಲನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ತೆಳ್ಳಗಾದರೆ ಉಜ್ಜುವಿಕೆ ಸಾಲದೆ ಸನ್ನೆ ಕೆಳಗಿಳಿಯುತ್ತದೆ. ಸನ್ನೆ ಇಳಿದರೆ ಒಂದು ಗೂಡು ಕೊಡು. ಅಷ್ಟೇ ಅದರ ಬುದ್ಧಿ. ಇವತ್ತಿನ ಎಆರ್‌ಎಂ ಒಳಗೆ ಇರುವುದೂ ಈ ಗಾಜೇ.

ಆ ಗಾಜು ಬಲು ಒರಟು ಮಾಪಕ. ರೇಷ್ಮೆಯ ಅಂಟು ಕೂತರೆ ತಪ್ಪು ಹೇಳುತ್ತದೆ, ತೊಳೆಯುತ್ತಿರಬೇಕು. ಯಂತ್ರ ಕೊಟ್ಟ ಗೂಡಿನ ತುದಿ ಪ್ರತಿಸಲವೂ ಓಡುವ ಎಳೆಗೆ ಕಚ್ಚಿಕೊಳ್ಳುವುದಿಲ್ಲ. ಜಾರಿ ಬಿದ್ದುಹೋಗುವುದು ದಿನನಿತ್ಯದ ಮಾತು. ಆದರೆ ತುದಿ ಕಚ್ಚದಿದ್ದರೆ ನೂಲು ತೆಳ್ಳಗೇ ಉಳಿಯುತ್ತದೆ, ಸನ್ನೆ ಕೆಳಗೇ ಇರುತ್ತದೆ, ಯಂತ್ರ ಮತ್ತೊಂದು ಗೂಡು ಕೊಡುತ್ತದೆ. ತಾನು ಮಾಡಿದ್ದು ಸರಿಹೋಯಿತೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತದೆ. ನೂಲಿನಲ್ಲಿ ಗಂಟು ಬಂದರೆ ಸಣ್ಣ ಕಿಂಡಿಯಲ್ಲಿ ಸಿಕ್ಕಿಕೊಂಡು ಆ ಒಂದು ರಾಟೆ ಮಾತ್ರ ನಿಲ್ಲುತ್ತದೆ. ಸಾಲಿನ ಉದ್ದಕ್ಕೂ ಓಡಾಡುವ ಹೆಣ್ಣುಮಗಳು ಬಂದು, ಕಡಿದು, ಗಂಟು ಹಾಕಿ, ಮತ್ತೆ ಬಿಡುತ್ತಾಳೆ.

ತಪ್ಪುವುದು ಖಚಿತ ಎಂದು ಒಪ್ಪಿಕೊಂಡವರು ಕಟ್ಟಿದ ಯಂತ್ರ ಅದು. ಅದಕ್ಕೇ ಬಾಳಿತು.

ಹಳದಿ ಗೂಡಿನ ಮುಂದೆ

ಇಷ್ಟು ಹೊಗಳಿದ ಮೇಲೆ ಅದರ ಸೋಲನ್ನೂ ಹೇಳಬೇಕು. ಎಆರ್‌ಎಂ ಬಯಸುವುದು ಒಂದೇ ಅಳತೆಯ, ಉದ್ದ ಎಳೆಯ, ಬಿಳಿಯ ಬೈವೋಲ್ಟಿನ್ ಗೂಡನ್ನು. ಮೈಸೂರು ತಳಿಯನ್ನು ಬೈವೋಲ್ಟಿನ್ ಜೊತೆ ಕೂಡಿಸಿ ಪಡೆದ ಸಿಬಿ ಗೂಡಿನ ಎಳೆ ಗಿಡ್ಡ, ಅಳತೆ ಹೆಚ್ಚುಕಡಿಮೆ, ನಡುನಡುವೆ ಕಡಿಯುವುದು ಜಾಸ್ತಿ. ಅದನ್ನು ತಂದು ಸುರಿದರೆ ಎಆರ್‌ಎಂ ನಿಂತು ನಿಂತು ಓಡುತ್ತದೆ, ಜೂಟು ಎನ್ನುವ ವ್ಯರ್ಥ ಎಳೆ ರಾಶಿ ಬೀಳುತ್ತದೆ. ಈ ಸೀಮೆಯ ರೈತರು ಬಿಸಿಲಿಗೆ, ರೋಗಕ್ಕೆ ಜಗ್ಗದೆಂದು ತಲೆಮಾರುಗಳಿಂದ ನೆಚ್ಚಿದ್ದು ಅದೇ ಹಳದಿ ಗೂಡನ್ನು.

ಯಂತ್ರ ಕೆಟ್ಟದ್ದೆಂದು ಇದರರ್ಥವಲ್ಲ. ಯಾವ ಗೂಡಿಗಾಗಿ ಕಟ್ಟಿದ್ದೋ ಆ ಗೂಡಿಗೆ ಅದು ಸರಿ. ಸಿಬಿ ಗೂಡಿಗೆ ಚರಕ, ಕಾಟೇಜ್ ಬೇಸಿನ್, ಕೇಂದ್ರೀಯ ರೇಷ್ಮೆ ಮಂಡಳಿಯ ತಂತ್ರಜ್ಞರು ರೂಪಿಸಿದ ಮಲ್ಟಿಎಂಡ್ ಯಂತ್ರ ಇವೆ. ಶಿಡ್ಲಘಟ್ಟದ ಓಣಿಗಳಲ್ಲಿ ಬಾಣಲೆಯ ಹಬೆ ಇನ್ನೂ ಆರದಿರುವುದಕ್ಕೆ ಹಟಮಾರಿತನ ಕಾರಣವಲ್ಲ, ಗೂಡು ಕಾರಣ. "ನೂರಕ್ಕೆ ತೊಂಬತ್ತೈದು ಸರಿ" ಎಂದು ಯಾರಾದರೂ ಯಂತ್ರ ಮಾರಲು ಬಂದರೆ ರೀಲರ್ ಮೊದಲು ಕೇಳುವುದು: ಯಾವ ಗೂಡಿಗೆ, ಸ್ವಾಮಿ?

ಹೆಬ್ಬೆಟ್ಟಿನ ಪರೀಕ್ಷೆ

ಮೂರನೆಯ ಯಂತ್ರಕ್ಕೆ ಈ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ನ್ಯಾಯಬೆಲೆ ಅಂಗಡಿಯ ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕೂತಿರುವ ಬೆರಳಚ್ಚು ಯಂತ್ರ ಅದು. ಜನ ಅದಕ್ಕೆ "ಥಂಬ್ ಕೊಡೋದು" ಎನ್ನುತ್ತಾರೆ.

ಬೆರಳಚ್ಚನ್ನು ಯಂತ್ರ ಬರೀ ಫೋಟೊ ಇಟ್ಟು ಹೋಲಿಸುವುದಿಲ್ಲ. ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಚುಕ್ಕೆಗಳನ್ನು ಗುರುತು ಹಾಕಿಕೊಂಡು, ಆಧಾರ್ ಮಾಡಿಸಿದ ದಿನ ಸಿಕ್ಕ ಚುಕ್ಕೆಗಳ ಜೊತೆ ತಾಳೆ ನೋಡುತ್ತದೆ. ಗೆರೆಯೇ ಸವೆದಿದ್ದರೆ ಚುಕ್ಕೆ ಎಲ್ಲಿಂದ ಬರಬೇಕು?

ದಿನಕ್ಕೆ ಏಳೆಂಟು ಗಂಟೆ ಬಿಸಿನೀರಿನಲ್ಲಿ ಬೆರಳಾಡಿಸುವವರ ಕೈ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ತುದಿ ಬಿಳಿಚಿ ನೆನೆದು, ಸುಲಿದು, ಒಣಗಿದಾಗ ಬಿರುಕು ಬಿಟ್ಟಿರುತ್ತದೆ. ಗಾರೆ ಕೆಲಸದವರದ್ದೂ ಕಲ್ಲು ಒಡೆಯುವವರದ್ದೂ ಇದೇ ಕತೆ, ವಯಸ್ಸಾದವರದ್ದೂ ಹೌದು. ಗೂಡಿನ ಒಳಗನ್ನು ಹೊರಗಿನಿಂದಲೇ ಓದಬಲ್ಲ ಬೆರಳು ಈ ಯಂತ್ರದ ಮುಂದೆ ಅನಕ್ಷರಸ್ಥ.

2016–17ರ ಕೇಂದ್ರದ ಆರ್ಥಿಕ ಸಮೀಕ್ಷೆಯೇ ರಾಜಸ್ಥಾನದಲ್ಲಿ ಶೇ 37, ಜಾರ್ಖಂಡ್‌ನಲ್ಲಿ ಶೇ 49ರಷ್ಟು ದೃಢೀಕರಣ ವಿಫಲವಾಗಿರುವ ಅಂದಾಜುಗಳನ್ನು ಉಲ್ಲೇಖಿಸಿತ್ತು. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆಧಾರ್ ಪ್ರಾಧಿಕಾರದ ಮುಖ್ಯಸ್ಥರು ಸರ್ಕಾರಿ ಸೇವೆಗಳಲ್ಲಿ ಯಶಸ್ಸಿನ ಪ್ರಮಾಣ ಶೇ 88 ಎಂದರು. ಪರೀಕ್ಷೆಯಲ್ಲಿ 88 ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. ಅಕ್ಕಿಯ ಸಾಲಿನಲ್ಲಿ ಅದೇ ಅಂಕವೆಂದರೆ ಎಂಟೊಂಬತ್ತು ಸಲಕ್ಕೊಮ್ಮೆ ಯಂತ್ರ ಇಲ್ಲವೆನ್ನುತ್ತದೆ. ಈ 12 ಸಮನಾಗಿ ಹಂಚಿಕೆಯಾಗುವುದೂ ಇಲ್ಲ. ಗುಮಾಸ್ತನ ಬೆರಳು ವರ್ಷವಿಡೀ ಹಸಿರು ದೀಪ ಕಾಣುತ್ತದೆ, ಬಾಣಲೆಯ ಬೆರಳು ತಿಂಗಳು ತಿಂಗಳೂ ಕೆಂಪು.

ಒಂದೇ ತಿರುಪು

ಯಂತ್ರವನ್ನು ಇನ್ನಷ್ಟು ಚುರುಕು ಮಾಡಿದರಾಯಿತು ಎನ್ನುವವರಿಗೆ ಒಂದು ಮಾತು. ಬೆರಳಚ್ಚು ತಾಳೆಯಾಗಲು ಎಷ್ಟು ಹೋಲಿಕೆ ಸಾಕು ಎಂಬುದಕ್ಕೆ ಒಳಗೊಂದು ಗಡಿ ಇಟ್ಟಿರುತ್ತಾರೆ. ಅದನ್ನು ರೇಡಿಯೊದ ತಿರುಪಿನಂತೆ ಎಣಿಸಿಕೊಳ್ಳಿ. ಬಿಗಿ ಮಾಡಿದರೆ ಕಳ್ಳ ಒಳಗೆ ಬರುವುದು ಕಡಿಮೆಯಾಗುತ್ತದೆ, ಜೊತೆಗೇ ಮನೆಯವರೂ ಹೊರಗುಳಿಯುತ್ತಾರೆ. ಸಡಿಲ ಮಾಡಿದರೆ ಮನೆಯವರೆಲ್ಲ ಒಳಗೆ, ನಡುವೆ ಒಬ್ಬ ಕಳ್ಳನೂ ಒಳಗೆ. ಸಾಧನ ಸುಧಾರಿಸಿದರೆ ಎರಡೂ ತಪ್ಪು ತುಸು ಇಳಿದಾವು; ಎರಡನ್ನೂ ಸೊನ್ನೆಗೆ ತರುವ ತಿರುಪನ್ನು ಯಾರೂ ಮಾಡಿಲ್ಲ. ಸ್ಪ್ಯಾಮ್ ಮೇಲ್ ಹಿಡಿಯುವ ತಂತ್ರಾಂಶದಿಂದ ಹಿಡಿದು ಎಕ್ಸ್‌ರೇ ನೋಡಿ ರೋಗ ಹೇಳುವ ತಂತ್ರಾಂಶದವರೆಗೆ ಎಲ್ಲಕ್ಕೂ ಈ ತಿರುಪಿದೆ.

ಅದನ್ನು ಎತ್ತ ತಿರುಗಿಸಬೇಕೆಂಬುದು ಎಂಜಿನಿಯರ್ ಒಬ್ಬನೇ ತೀರ್ಮಾನಿಸುವ ವಿಷಯವಲ್ಲ. ಬ್ಯಾಂಕಿನ ತಿಜೋರಿಗೆ ಬಿಗಿ ಇರಲಿ. ಐದು ಕಿಲೊ ಅಕ್ಕಿಗೆ ಅಷ್ಟು ಬಿಗಿ ಏಕೆ ಎನ್ನುವುದು ನನ್ನ ತಕರಾರು.

ಇಲ್ಲೊಂದು ವಿಚಿತ್ರವಿದೆ. ಎರಡೂವರೆ ದಶಕದ ಹಿಂದೆ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಭೂಮಿ ಯೋಜನೆ ಬಂದಾಗಲೂ ಕರ್ನಾಟಕ ಬೆರಳಚ್ಚು ಯಂತ್ರ ತಂದಿತ್ತು. ಆಗ ಬೆರಳು ಕೊಡಬೇಕಾಗಿದ್ದವರು ತಾಲ್ಲೂಕು ಕಚೇರಿಯ ಅಧಿಕಾರಿಗಳು. ಖಾತೆ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರೆಂದು ಆಮೇಲೆ ಜಾರಿಕೊಳ್ಳಬಾರದೆಂದು ಆ ಕಟ್ಟು. ಯಂತ್ರ ತಪ್ಪಿದರೆ ತೊಂದರೆ ಅಧಿಕಾರಿಗೆ. ಅವರ ತೊಂದರೆ ಬೇಗ ಪರಿಹಾರವಾಗುತ್ತದೆ. ಅದೇ ಬಗೆಯ ಪೆಟ್ಟಿಗೆ ಮೇಜಿನ ಆಚೆ ಬದಿಯಿಂದ ಈಚೆ ಬದಿಗೆ ತಿರುಗಿದಾಗ, ತಪ್ಪಿನ ಭಾರವೂ ಈಚೆಗೆ ಬಂತು.

ಕಂಪ್ಯೂಟರ್ ಹೇಳಿದ ಮೇಲೆ

ಭೂಮಿಯ ಹೆಸರು ಬಂತಲ್ಲ, ಪಹಣಿಯ ಮಾತನ್ನೂ ಆಡಿಬಿಡೋಣ. ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿದ್ದು ಸಣ್ಣ ಕೆಲಸವಲ್ಲ. ಶ್ಯಾನುಭೋಗಿಕೆಯ ಕಾಲದ ಎಷ್ಟೋ ಕತ್ತಲೆಗಳು ಅದರಿಂದ ತೊಲಗಿದವು. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪೂ ಜೊತೆಯಲ್ಲೇ ಏರಿತು. ಕೈಬರಹದ ತಪ್ಪನ್ನು ಜನ ತಪ್ಪು ಎನ್ನುತ್ತಿದ್ದರು. ಅಚ್ಚಾಗಿ ಬಂದ ತಪ್ಪಿಗೆ ದಾಖಲೆ ಎಂಬ ಹೆಸರು ಬಂತು, ಅದನ್ನು ತಿದ್ದಿಸಲು ಅರ್ಜಿ, ಓಡಾಟ.

ಕಂಪ್ಯೂಟರ್ ಹೇಳಿದ್ದೇ ಸರಿ ಎಂಬ ಇದೇ ನಂಬಿಕೆ ಬ್ರಿಟನ್ನಿನ ಅಂಚೆ ಸಂಸ್ಥೆಯಲ್ಲಿ ಭೀಕರವಾಯಿತು. 1999ರಲ್ಲಿ ಅಲ್ಲಿನ ಅಂಚೆ ಕಚೇರಿಗಳಿಗೆ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂತು. ಹಲವು ಕಡೆ ಅದು ಇಲ್ಲದ ಕೊರತೆ ತೋರಿಸತೊಡಗಿತು. ಸಣ್ಣ ಊರುಗಳ ಪೋಸ್ಟ್ ಮಾಸ್ಟರುಗಳು ನಾವು ಕದ್ದಿಲ್ಲ ಎಂದರು. ಕಂಪ್ಯೂಟರ್ ಕದ್ದಿದ್ದೀರಿ ಎಂದಿತು. ನ್ಯಾಯಾಲಯಗಳು ಕಂಪ್ಯೂಟರನ್ನು ನಂಬಿದವು. 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು, ಕೆಲವರು ಜೈಲು ಕಂಡರು. ತಂತ್ರಾಂಶದಲ್ಲೇ ದೋಷವಿತ್ತೆಂದು 2019ರಲ್ಲಿ ಹೈಕೋರ್ಟ್ ಹೇಳಿತು. ಶಿಕ್ಷೆಗಳನ್ನು ಸಗಟಾಗಿ ಅಳಿಸಲು 2024ರಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು.

ದೋಷವುಳ್ಳ ತಂತ್ರಾಂಶಗಳು ಜಗತ್ತಿನಲ್ಲಿ ಲಕ್ಷ ಇವೆ, ಹೆಚ್ಚಿನವುಗಳಿಂದ ಯಾರೂ ಜೈಲಿಗೆ ಹೋಗುವುದಿಲ್ಲ. ಆದರೆ ಹೊರೈಜನ್ ಮುಂದೆ ನಿಂತವನಿಗೆ ಶಿಡ್ಲಘಟ್ಟದ ರೈತನಿಗಿರುವ "ಬೇಡ" ಇರಲಿಲ್ಲ. ನಿಂತ ರಾಟೆಗೆ ಗಂಟು ಹಾಕುವ ಹೆಣ್ಣುಮಗಳೂ ಅಲ್ಲಿರಲಿಲ್ಲ.

ಆಧಾರ್ ವಿಚಾರದಲ್ಲಿ ಕಾಗದದ ಮೇಲೆ ಆ ಹೆಣ್ಣುಮಗಳು ಇದ್ದಾಳೆ. ದೃಢೀಕರಣ ವಿಫಲವಾದ ಮಾತ್ರಕ್ಕೆ ಅರ್ಹರಿಗೆ ಸೌಲಭ್ಯ ತಪ್ಪುವುದಿಲ್ಲ ಎಂದು ಅಟಾರ್ನಿ ಜನರಲ್ ಕೊಟ್ಟ ಭರವಸೆಯನ್ನು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದಾಖಲಿಸಿದೆ. ಕಣ್ಣಿನ ಪಾಪೆಯ ಯಂತ್ರ, ಮೊಬೈಲಿಗೆ ಬರುವ ಒಟಿಪಿ, ಮನೆಯ ಇನ್ನೊಬ್ಬರ ಬೆರಳು ಎಂಬ ದಾರಿಗಳೂ ಇವೆ. ಅವು ಅಂಗಡಿಯ ಮೇಜಿನವರೆಗೆ ಇಳಿದಿವೆಯೇ ಎಂಬುದು ಆ ಅಂಗಡಿ, ಆ ದಿನ, ಆ ಅಂಗಡಿಯವನ ಮನಸ್ಸು. ಒಟಿಪಿ ಬರುವ ಮೊಬೈಲು ಮಗನ ಜೊತೆ ಬೆಂಗಳೂರಿಗೆ ಹೋಗಿರುತ್ತದೆ.

ಸಂಜೆಯ ಸಾಲು

ರೀಲಿಂಗ್ ಘಟಕದಲ್ಲಿ ಹಗಲು ಮುಗಿಯುತ್ತದೆ. ನೂಲಿನ ಲಡಿ ಇಳಿಸಿ, ಬಾಣಲೆಯ ನೀರು ಚೆಲ್ಲಿ, ಕೆಲಸದವರು ಹೊರಡುತ್ತಾರೆ. ತಿಂಗಳ ಅಕ್ಕಿ ಬಂದಿದೆಯೆಂದು ಸುದ್ದಿ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದ ಸಾಲು.

ಹೆಂಗಸೊಬ್ಬರ ಸರದಿ ಬರುತ್ತದೆ. ಬೆರಳನ್ನು ಸೆರಗಿಗೆ ಒರೆಸಿ ಇಡುತ್ತಾರೆ. ಕೆಂಪು. ಇನ್ನೊಂದು ಬೆರಳು. ಕೆಂಪು. ಹಿಂದಿನವರು ಕಾಲು ಬದಲಾಯಿಸುತ್ತಾರೆ. ಅಂಗಡಿಯವರು ಕೆಟ್ಟವರೇನಲ್ಲ, ಯಂತ್ರದ ಗುಣ ತಿಳಿದವರು. "ತಲೆಗೆ ಉಜ್ಜಿಕೊಂಡು ಇಡಮ್ಮ" ಎನ್ನುತ್ತಾರೆ. ಕೂದಲ ಎಣ್ಣೆ ತಾಗಿದರೆ ಸವೆದ ಗೆರೆ ತುಸು ಎದ್ದು ಕಾಣುತ್ತದೆಂಬುದು ಯಾವ ಕೈಪಿಡಿಯಲ್ಲೂ ಇಲ್ಲದ ವಿದ್ಯೆ.

ಅವರು ಬೈತಲೆಯ ಪಕ್ಕ ಬೆರಳನ್ನು ಎರಡು ಸಲ ಉಜ್ಜಿ, ಗಾಜಿನ ಮೇಲೆ ಒತ್ತಿ ಹಿಡಿಯುತ್ತಾರೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ.